ಎಣ್ಣೆ, ಸೀಗೆಕಾಯಿ ಮತ್ತು ನಿಮ್ಮ ಸೋಮವಾರದ ಬಾಟಲಿ

ನಮಸ್ಕಾರ,

ಕಚ್ಚಾತೈಲದೊಳಗಿನ ನೀರು ಯಾಕೆ ಬೇರೆಯಾಗದು ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

‘ಎಣ್ಣೆಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ’ ಎಂದು ಶುರು ಮಾಡಿದ್ದೀರಿ. ಕಿವಿಗೆ ಚೆನ್ನಾಗಿದೆ, ವಿಜ್ಞಾನ ತಲೆಕೆಳಗು. ಸೀಗೆಕಾಯಿ ಎಣ್ಣೆಯನ್ನು ನೀರಿಗೆ ಹೊಂದಿಸಿ ಸಾಗಹಾಕುವ ದಲ್ಲಾಳಿ. ಅದರಲ್ಲಿ ನೊರೆ ಬರಿಸುವ ಅಂಶ ಸಪೋನಿನ್, ನೀರಿನಲ್ಲಿ ಕರಗುವಂಥದ್ದು. ಹಾಗಾಗಿ ನೀರು ಹೊರಗೆ, ಎಣ್ಣೆ ಹನಿಯಾಗಿ ಒಳಗೆ. ಕಚ್ಚಾತೈಲದ ದಲ್ಲಾಳಿ ಆಸ್ಫಾಲ್ಟೀನ್, ಅಂದರೆ ಆ ತೈಲದಲ್ಲೇ ಇರುವ ಡಾಂಬರಿನಂಥ ಭಾರದ ಅಂಶ; ಅದು ಎಣ್ಣೆಯ ಕಡೆಯವನು. ಅಲ್ಲಿ ನೀರೇ ಹನಿಯಾಗಿ ಸಿಕ್ಕಿಬೀಳುತ್ತದೆ. ಗಾದೆಯನ್ನು ಹೀಗೆ ತಿರುಗಿಸಿದ್ದರೆ ಅರ್ಧ ಲೇಖನ ಅಲ್ಲೇ ಆಗುತ್ತಿತ್ತು.

ಇನ್ನೊಂದು ತಕರಾರು ದೊಡ್ಡದು. ‘ಎಣ್ಣೆ ಮಂದವಾದ್ದರಿಂದ ನೀರು ಬೇರೆಯಾಗದು’ ಎಂದು ಮೂರು ಕಡೆ ಬರೆದಿದ್ದೀರಿ. ಮಂದ ಎಣ್ಣೆಯಲ್ಲಿ ಹನಿ ತಳಕ್ಕಿಳಿಯುವುದು ನಿಧಾನ, ಅಷ್ಟೇ. ಇಳಿದ ಹನಿಗಳು ಮೈಗೆ ಮೈ ತಾಗಿ ಕೂತರೂ ಯಾಕೆ ಒಂದಾಗುವುದಿಲ್ಲ? ಪ್ರಶ್ನೆ ಅದು. ಹನಿಯ ಸುತ್ತ ಆಸ್ಫಾಲ್ಟೀನ್ ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಮೇಣದ ಹರಳು, ಜೇಡಿಯ ಸಣ್ಣ ಕಣ ಸೇರಿದರೆ ಇನ್ನೂ ಬಿಗಿ. ಕಚ್ಚಾತೈಲದ ಇನ್ನೊಂದು ಅಂಶವಾದ ರೆಸಿನ್ ಹೆಚ್ಚಿದ್ದರೆ, ಅದು ಸಾಮಾನ್ಯವಾಗಿ ಆಸ್ಫಾಲ್ಟೀನನ್ನು ಎಣ್ಣೆಯಲ್ಲೇ ಕರಗಿಸಿ ಹಿಡಿದು ಪೊರೆಯನ್ನು ಸಡಿಲಿಸುತ್ತದೆ. ರೆಸಿನ್ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಸಮುದ್ರಕ್ಕೆ ಚೆಲ್ಲಿದ ತೈಲದ ಪ್ಯಾರಾ ಇರಲಿ. ಆದರೆ ‘ಅಪಾರ ನೀರು’ ಅಂದರೆ ಎಷ್ಟು? ನೀರಿನ ಹನಿ ಎಣ್ಣೆಯಲ್ಲಿ ಹೀಗೆ ಸಿಕ್ಕಿಬಿದ್ದ ಸ್ಥಿರ ಮಿಶ್ರಣದಲ್ಲಿ (ಎಮಲ್ಷನ್) ಶೇ. 60ರಿಂದ 80ರಷ್ಟು ನೀರೇ. ಅಂದರೆ ಬಾಚಬೇಕಾದ ಸರಕು ಎರಡೂವರೆಯಿಂದ ಐದು ಪಟ್ಟು. ಅಷ್ಟು ಬರೆದರೆ ವಿಶೇಷಣವೇ ಬೇಡ.

ಐದನೇ ಪುಟದಲ್ಲಿ, ಆವರಣದೊಳಗೆ, ಪೀಣ್ಯದ ನಿಮ್ಮ ಲ್ಯಾಬಿನ ಒಂದು ಮಾತಿದೆ. ನೀರು ಬೇರ್ಪಡಿಸುವ ರಾಸಾಯನಿಕ ಡಿಮಲ್ಸಿಫೈಯರ್ ಹಾಕಿದಾಗ ಹೊಸ ಸ್ಯಾಂಪಲ್ ಒಡೆದು ನೀರು ಬೇರೆಯಾಯಿತು; ಶುಕ್ರವಾರ ಬಿಟ್ಟುಹೋಗಿದ್ದ ಬಾಟಲಿ ಸೋಮವಾರ ಅದೇ ಡೋಸಿಗೆ ಜಗ್ಗಲಿಲ್ಲ. ಇದನ್ನು ಬಚ್ಚಿಟ್ಟಿದ್ದೀರಲ್ಲ ಸ್ವಾಮಿ! ಹೊತ್ತು ಕಳೆದಂತೆ ಇನ್ನಷ್ಟು ಆಸ್ಫಾಲ್ಟೀನ್ ಬಂದು ಕೂತು, ಒಂದಕ್ಕೊಂದು ಹೆಣೆದುಕೊಂಡು ಪೊರೆ ಬಲಿಯುತ್ತದೆ. ಡಿಮಲ್ಸಿಫೈಯರ್ ಅವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರಬೇಕು. ಮೆಜೆಸ್ಟಿಕ್‌ನಲ್ಲೇ ಕಿಟಕಿ ಸೀಟು ಹಿಡಿದವರನ್ನು ಯಶವಂತಪುರದಲ್ಲಿ ಎಬ್ಬಿಸಿ ನೋಡಿ, ಗೊತ್ತಾಗುತ್ತದೆ.

ಲೇಖನ ಆ ಸೋಮವಾರದಿಂದಲೇ ಶುರುವಾಗಲಿ. ‘ಅಂತರಪೃಷ್ಠೀಯ ಸ್ನಿಗ್ಧಸ್ಥಿತಿಸ್ಥಾಪಕತೆ’ ತೆಗೆದುಬಿಡಿ. ನಮ್ಮ ಪ್ರೂಫ್ ನೋಡುವವರು ಅಲ್ಲಿಗೆ ಪೆನ್ನು ಕೆಳಗಿಟ್ಟು ಕಾಫಿಗೆ ಹೋದರು. 900 ಪದ ಸಾಕು. 20ನೇ ತಾರೀಕಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.

ಸಂಪಾದಕ
ಬೆಂಗಳೂರು