ಬಡ್ಡಿ ಸಾಲದ ದಾವತ್ ಬೇಡ, ಅಕೀಕಾ ಮಾಂಸ ಮನೆ ಮುಟ್ಟಲಿ

ಪ್ರಶ್ನೆ: ನಾನು ಮಧುಗಿರಿಯವನು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಮಂಗಳವಾರ ಬೆಳಿಗ್ಗೆ ಹುಟ್ಟಿದ ಗಂಡುಮಗುವಿಗೆ ಈಗ ಹತ್ತು ದಿನ. ಹೆಂಡತಿ ಆಸ್ಪತ್ರೆಯಲ್ಲಿದ್ದುದರಿಂದ ಏಳನೇ ದಿನ ಅಕೀಕಾ, ಅಂದರೆ ಮಗು ಹುಟ್ಟಿದ್ದಕ್ಕೆ ಕೊಡುವ ಬಲಿ, ಆಗಲಿಲ್ಲ. ಶಾದಿ ಮಹಲ್ ಹಿಡಿದು ಮುನ್ನೂರು ಜನಕ್ಕೆ ದಾವತ್ ಕೊಡಬೇಕು, ಬಡ್ಡಿಗಾದರೂ ಸಾಲ ತಾ ಅಂತ ಅಮ್ಮಿಯ ಹಟ. ಎರಡು ಬಕರಾ ಕೊಯ್ಯಿಸಿ ಮಾಂಸವನ್ನು ಇಲ್ಲದವರ ಮನೆಗಳಿಗೆ ಹಂಚೋಣ ಅಂತ ನನ್ನಾಸೆ. 'ಜಿಪುಣರು ಅಂತಾರೆ' ಎಂದು ಅಮ್ಮಿ ಅಳುತ್ತಾರೆ. ಈ ಮಾಂಸ ತಂದೆತಾಯಿ ತಿನ್ನಬಾರದು ಅಂತಲೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತಮ್ಮಾ, ನಿಮ್ಮ ಆಸೆ ಸರಿಯಾಗಿದೆ. ಬಡ್ಡಿ ಸಾಲ ಮಾತ್ರ ಖಂಡಿತ ಬೇಡ. ಅಕೀಕಾ ಫರ್ಜ್ (ಕಡ್ಡಾಯ) ಅಲ್ಲ. ಹನಫಿ ಪಂಥದ ಉಲಮಾಗಳು (ವಿದ್ವಾಂಸರು) ಮುಸ್ತಹಬ್, ಅಂದರೆ ಮಾಡಿದರೆ ಒಳ್ಳೆಯದು ಎನ್ನುತ್ತಾರೆ, ಶಾಫಿ ಪಂಥದ ಉಲಮಾಗಳು ಸುನ್ನತ್, ಅಂದರೆ ಪ್ರವಾದಿಯವರ ನಡೆ ಎನ್ನುತ್ತಾರೆ. ಅದಕ್ಕಾಗಿ ಹರಾಮಾದ ಬಡ್ಡಿಗೆ ಕೈ ಹಾಕುವುದು ಎಲ್ಲಿಯ ನ್ಯಾಯ? ಗಂಡುಮಗುವಿಗೆ ಎರಡು, ಹೆಣ್ಣುಮಗುವಿಗೆ ಒಂದು ಎನ್ನುವುದು ರೂಢಿ. ಎರಡಕ್ಕೆ ಶಕ್ತಿ ಸಾಲದಿದ್ದರೆ ಒಂದೇ ಸಾಕು. ಪ್ರವಾದಿಯವರು ಮೊಮ್ಮಕ್ಕಳಾದ ಹಸನ್, ಹುಸೈನರ ಪರವಾಗಿ ಒಂದೊಂದು ಟಗರು ಬಲಿ ಕೊಟ್ಟರೆಂಬ ಹದೀಸ್ (ಪ್ರವಾದಿಯವರ ನಡೆನುಡಿಯ ದಾಖಲೆ) ಅಬೂದಾವೂದ್ ಸಂಗ್ರಹದಲ್ಲಿದೆ. ತಂದೆತಾಯಿ, ಅಜ್ಜಿ ತಾತ ತಿನ್ನಬಾರದೆಂಬುದಕ್ಕೆ ಆಧಾರವೇ ಇಲ್ಲ. ಬಾಣಂತಿಗೆ ಕಾಲಿನ ಸೂಪು ಮಾಡಿಕೊಡಿ.

ಏಳನೇ ದಿನ ತಪ್ಪಿದರೆ ಹದಿನಾಲ್ಕು, ಅದೂ ತಪ್ಪಿದರೆ ಇಪ್ಪತ್ತೊಂದು. ಹುಟ್ಟಿದ ದಿನವನ್ನೂ ಎಣಿಸುವುದರಿಂದ ಹುಟ್ಟಿದ ವಾರದ ಹಿಂದಿನ ದಿನವೇ ಲೆಕ್ಕಕ್ಕೆ ಬರುತ್ತದೆ. ನಿಮಗೆ ಅದು ಸೋಮವಾರ. ಮಗು ಸೂರ್ಯ ಮುಳುಗಿದ ಮೇಲೆ ಹುಟ್ಟಿದ್ದರೆ ಮಾತ್ರ ಮರುದಿನದಿಂದ ಎಣಿಸಬೇಕಿತ್ತು. ಹದಿನಾಲ್ಕಕ್ಕೆ ಓಡಾಡಬೇಡಿ, ಇಪ್ಪತ್ತೊಂದನ್ನೇ ಹಿಡಿಯಿರಿ.

ಮೇಕೆಗೆ ವರ್ಷ ತುಂಬಿರಬೇಕು. ಅಕ್ಕಿರಾಂಪುರ ಸಂತೆಯಲ್ಲಿ ಕೊಳ್ಳುವುದಾದರೆ ಮಾತು ನಂಬದೆ ಕೆಳದುಟಿ ಬಿಡಿಸಿ ನೋಡಿ. ನಡುವಿನ ಎರಡು ಹಲ್ಲು ಅಗಲವಾಗಿ, ಅಕ್ಕಪಕ್ಕದ ಹಾಲುಹಲ್ಲು ಸಣ್ಣಗಿದ್ದರೆ ವರ್ಷ ದಾಟಿದೆ. ಎಲ್ಲವೂ ಒಂದೇ ಸಮ ಸಣ್ಣಗಿದ್ದರೆ, ಹುಟ್ಟಿದ ಕಾಲ ಗೊತ್ತಿರುವ ಸಾಕಿದವರಿಂದಲೇ ಕೊಳ್ಳಿ. ನಾಲ್ಕು ಹೆಜ್ಜೆ ನಡೆಸಿ. ಕುಂಟು, ಕುರುಡು, ಎಲುಬು ಎದ್ದು ಕಾಣುವ ಸೊರಗು, ಬುಡಸಮೇತ ಮುರಿದ ಕೊಂಬು ಇದ್ದರೆ ಬಿಡಿ.

ಹಿಂದಿನ ರಾತ್ರಿ ಮೇವು ಹಾಕಬೇಡಿ, ನೀರು ತಪ್ಪಿಸಬೇಡಿ. ಹೊಟ್ಟೆ ತುಂಬಿದ್ದರೆ ಸೀಳುವಾಗ ಚೀಲ ಒಡೆದು ಮಾಂಸವೆಲ್ಲ ಕೆಡುತ್ತದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿಯ 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪಟ್ಟಣದೊಳಗೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಕೊಯ್ಯಿಸಬೇಕು. ಬೀದಿ, ಚರಂಡಿ ಪಕ್ಕ ಬೇಡವೇ ಬೇಡ. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಕಸಾಯಿಯ ಕೂಲಿ ದುಡ್ಡಿನಲ್ಲೇ ಕೊಡಿ; ಚರ್ಮವನ್ನೋ ಮಾಂಸವನ್ನೋ ಕೂಲಿಗೆ ವಜಾ ಮಾಡಬಾರದು.

ಇಪ್ಪತ್ತೈದು ಕೆಜಿ ತೂಗುವ ಮೇಕೆಯಲ್ಲಿ ಎಲುಬು ಸೇರಿ ಸುಮಾರು ಹನ್ನೊಂದು ಕೆಜಿ ಮಾಂಸ ಸಿಗುತ್ತದೆ. ಎರಡರಿಂದ ಇಪ್ಪತ್ತೆರಡು. ಬಕ್ರೀದಿನ ಕುರ್ಬಾನಿಯ ಹಾಗೆ ಮೂರು ಪಾಲು ಮಾಡುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. ನಾಲ್ಕು ಕೆಜಿ, ತಲೆ, ಕಾಲು, ಬೋಟಿ ಮನೆಗಿಟ್ಟುಕೊಂಡರೆ ಮುಕ್ಕಾಲು ಕೆಜಿಯ ಇಪ್ಪತ್ತನಾಲ್ಕು ಪಾಲಾಗುತ್ತದೆ. ಅರ್ಧ ಕೆಜಿಯಂತೆ ಹೆಚ್ಚು ಮನೆಗೆ ಕೊಡಬಹುದಲ್ಲ ಎನಿಸೀತು. ಎಲುಬು ಕಳೆದರೆ ಐದು ಜನರ ಮನೆಯಲ್ಲಿ ಮಕ್ಕಳಿಗಷ್ಟೇ ಚೂರು, ತಾಯಿಯ ಮುದ್ದೆಗೆ ಬರಿ ಸಾರು.

ಹಂಚಿಕೆ ಕೆಡುವುದು ಎರಡು ಕಡೆ. ಒಂದು, ತೊಡೆಯ ತುಂಡೆಲ್ಲ ನೆಂಟರಿಗೆ ಹೋಗಿ ಬಡವರ ಪಾಲಿಗೆ ಕತ್ತು, ಪಕ್ಕೆಲುಬು ಉಳಿಯುವುದು. ಎರಡೂ ಮೇಕೆಯ ಮಾಂಸವನ್ನು ಕತ್ತರಿಸಿ ಒಂದೇ ದೊಡ್ಡ ಪರಾತಕ್ಕೆ ಸುರಿದು ಕಲಸಿ, ಆಮೇಲೆ ತೂಗಿ. ಎರಡು, ಬಿಸಿ ಆರದ ಮಾಂಸವನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಗಂಟು ಹಾಕುವುದು. ಒಳಗೇ ಬೆವತು ಮಧ್ಯಾಹ್ನಕ್ಕೆ ಹುಳಿ ವಾಸನೆ ಬರುತ್ತದೆ. ಗಾಳಿಗೆ ತೂಗುಹಾಕಿ, ಬಿಸಿ ಆರಿದ ಮೇಲೆ ಕತ್ತರಿಸಿ. ಫಜರ್ (ಬೆಳಗಿನ ಜಾವದ ನಮಾಜ್) ಆದ ಕೂಡಲೇ ಶುರು ಮಾಡಿದರೆ ಹತ್ತು ಗಂಟೆಯೊಳಗೆ ಎಲ್ಲ ಮನೆ ಮುಟ್ಟುತ್ತದೆ.

ಪ್ರತಿ ಪಾಲಿನ ಜೊತೆ ನಾಲ್ಕು ಈರುಳ್ಳಿ, ಒಂದು ತುಂಡು ಶುಂಠಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಐವತ್ತು ಗ್ರಾಂ ಖಾರದಪುಡಿ ಧನಿಯಾಪುಡಿ, ನೂರು ಎಂಎಲ್ ಎಣ್ಣೆ ಇಡಿ. ಮಾಂಸ ಬಂದ ದಿನವೇ ಎಣ್ಣೆಗಾಗಿ ಪಕ್ಕದ ಮನೆ ಬಾಗಿಲು ತಟ್ಟುವ ಸಂಕಟ ಇಲ್ಲದವರಿಗೇ ಗೊತ್ತು. ಒಲೆ ಹಚ್ಚಲಾರದ ಒಂಟಿ ಮುದುಕರಿಗೆ ಬೇಯಿಸಿಯೇ ಕಳಿಸಿ. ಹಸಿಯಾದರೂ ಬೇಯಿಸಿದ್ದಾದರೂ ಅಕೀಕಾ ಸಲ್ಲುತ್ತದೆ.

ಪಟ್ಟಿಗೆ ಮಸೀದಿಯ ಹಜರತ್ ಒಬ್ಬರನ್ನೇ ಕೇಳಿದರೆ ಸಾಲದು. ಕೈಚಾಚಿ ಗೊತ್ತಿಲ್ಲದವರ ಸುದ್ದಿ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಚೆನ್ನಾಗಿ ಗೊತ್ತಿರುತ್ತದೆ. ಯಾರನ್ನೂ ಮನೆ ಮುಂದೆ ಸಾಲು ನಿಲ್ಲಿಸಬೇಡಿ, ಫೋಟೋ ತೆಗೆಯಬೇಡಿ. 'ಮಗುವಿನ ಅಕೀಕಾ, ದುಆ ಮಾಡಿ' ಎಂದಷ್ಟೇ ಹೇಳಿ ಕೊಟ್ಟು ಬನ್ನಿ.

ಮಗುವಿನ ತಲೆಕೂದಲನ್ನು ಒಣಗಿಸಿ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ, ಅಷ್ಟೇ ತೂಕದ ಬೆಳ್ಳಿಯ ಬೆಲೆಯನ್ನು ಸದ್ಕಾ (ದಾನ) ಕೊಡಿ. ಕೆಲವೇ ಗ್ರಾಂ ಆಗುತ್ತದೆ. ಮೇಕೆಯ ಕತ್ತಿಗೆ ಚೂರಿ ಮುಟ್ಟಿದ ಗಳಿಗೆಯಲ್ಲೇ ತಲೆ ಬೋಳಿಸಬೇಕೆಂದು ಗಡಿಬಿಡಿ ಮಾಡುವವರಿದ್ದಾರೆ. ಹಾಗೇನಿಲ್ಲ. ಎಳೆ ನೆತ್ತಿ, ನಿಧಾನವಾಗಲಿ.

ಇನ್ನು ಅಮ್ಮಿ. 'ದಾವತ್ ಇಲ್ಲ' ಅಂತ ಅವರಿಗೆ ಹೇಳಲೇಬೇಡಿ. ಮನೆಗಿಟ್ಟ ನಾಲ್ಕು ಕೆಜಿಯಲ್ಲಿ ಇಪ್ಪತ್ತೈದು ಜನಕ್ಕೆ ಬಿರಿಯಾನಿ ಆಗುತ್ತದೆ. ಯಾರನ್ನು ಕರೆಯಬೇಕು ಎನ್ನುವುದನ್ನು ಅವರಿಗೇ ಬಿಡಿ. ಇಪ್ಪತ್ತನಾಲ್ಕು ಮನೆಗಳ ಪಟ್ಟಿಯನ್ನೂ ಅವರ ಕೈಗೇ ಕೊಟ್ಟು, 'ಅಮ್ಮಿ, ಬಿಟ್ಟುಹೋದ ಮನೆ ಯಾವುದು ನೋಡಿ' ಎನ್ನಿ. ಮೊಹಲ್ಲಾದ ಕಷ್ಟ ನಿಮಗಿಂತ ಅವರಿಗೆ ಹೆಚ್ಚು ಗೊತ್ತು. ಪಾಲು ಅಮ್ಮಿಯ ಹೆಸರಿನಲ್ಲಿ ಹೋದರೆ ಜಿಪುಣರೆಂಬ ಮಾತು ಅವರ ಕಿವಿಗೆ ಬೀಳಲಿಕ್ಕಿಲ್ಲ.

ಹಿಂದೂ ನೆರೆಯವರಿಗೂ ಧಾರಾಳವಾಗಿ ಕೊಡಬಹುದು. ಆದರೆ ನಿಮ್ಮದು ಸೋಮವಾರ, ಅಂದು ಮಾಂಸ ಮುಟ್ಟದ ಮನೆಗಳು ನಮ್ಮ ಕಡೆ ಬಹಳ. ಭಾನುವಾರವೇ ಕೇಳಿ ತಿಳಿದುಕೊಳ್ಳಿ, ಅವರ ಪಾಲನ್ನು ನಿಮ್ಮ ಫ್ರಿಜ್ಜಿನಲ್ಲಿಟ್ಟು ಮಂಗಳವಾರ ಬೆಳಿಗ್ಗೆ ತಲುಪಿಸಿ.