ಡಿಎಂಎ ಡ್ರೈವರ್ ರಿವ್ಯೂ: ಕೆಳಗಿನಿಂದ ಓದಿ

ಪ್ರಶ್ನೆ: ನಾನು ರಾಯಚೂರಿನವನು, ಮನೆಯಿಂದಲೇ ಕೆಲಸ. ಜೊತೆಗಾರನೊಬ್ಬ ಎಆರ್‌ಎಂ ಬೋರ್ಡಿನ ಸಣ್ಣ ಡಿಎಂಎ (ಸಿಪಿಯು ಕೈಹಾಕದೆ ಡೇಟಾ ಸಾಗಿಸುವ ಭಾಗ) ಕಂಟ್ರೋಲರ್‌ಗೆ ಲಿನಕ್ಸ್ ಡ್ರೈವರ್ ಬರೆದಿದ್ದಾನೆ. ಒಂದೇ ಚಾನೆಲ್, 400 ಸಾಲು. ಟೆಸ್ಟ್ ಎಲ್ಲಾ ಪಾಸ್. ರಿವ್ಯೂ ನನ್ನ ಪಾಲಿಗೆ ಬಂದಿದೆ. ಮೊದಲು ಏನು ನೋಡಲಿ ಸರ್?

ಉತ್ತರ: ರಿಮೂವ್ ಫಂಕ್ಷನ್ ನೋಡಿ, ಅಂದರೆ ಡ್ರೈವರ್ ತೆಗೆಯುವಾಗ ಓಡುವ ಕೋಡ್. ಎಲ್ಲರೂ ಸಾಧನ ಶುರುಮಾಡುವ ಪ್ರೋಬ್‌ನಿಂದ ಓದುತ್ತಾರೆ. ಕೆಳಗೆ ಬರುವಷ್ಟರಲ್ಲಿ ಕಣ್ಣು ಸೋತಿರುತ್ತೆ, ತಪ್ಪು ಅಲ್ಲೇ ಕೂತಿರುತ್ತೆ.

ನಿಮ್ಮೂರ ಗಂಜ್ ನೆನೆಸಿಕೊಳ್ಳಿ. ದಲಾಲಿ ಅಂಗಡಿಯ ಗುಮಾಸ್ತ ಚೀಟಿ ಬರೆದುಕೊಟ್ಟು ಬೇರೆ ಕೆಲಸಕ್ಕೆ ಹೋಗುತ್ತಾನೆ. ಹಮಾಲ ಚೀಲ ಇಳಿಸಿ, ಮುಗಿದ ಮೇಲೆ ಕೂಗುತ್ತಾನೆ. ಗುಮಾಸ್ತ ಸಿಪಿಯು, ಹಮಾಲ ಡಿಎಂಎ, ಆ ಕೂಗೇ ಇಂಟರಪ್ಟ್. ಅಂಗಡಿ ಬೀಗ ಹಾಕಿದ ಮೇಲೆ ಹಮಾಲ ಕೂಗಿದರೆ?

ಡೆವ್ಎಂ_ರಿಕ್ವೆಸ್ಟ್_ಐಆರ್‌ಕ್ಯೂ (ಇಂಟರಪ್ಟ್ ಪಡೆದು, ಬಿಡುಗಡೆಯನ್ನು ಕರ್ನಲ್‌ಗೇ ಬಿಡುವ ಫಂಕ್ಷನ್) ಬಳಸಿದ್ದರೆ ಆಗುವುದು ಇದೇ. ಆ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ ಮುಗಿದ ನಂತರ. ರಿಮೂವ್ ಒಳಗೆ ಟಾಸ್ಕ್‌ಲೆಟ್ (ಇಂಟರಪ್ಟ್ ಆಮೇಲಕ್ಕೆ ಬಿಟ್ಟ ಕೆಲಸ) ಕೊಂದು, ಕಂಟ್ರೋಲರ್‌ನ ಕ್ಲಾಕ್ ನಿಲ್ಲಿಸಿರುತ್ತಾರೆ. ತಡವಾಗಿ ಬಂದ ಇಂಟರಪ್ಟ್ ಕ್ಲಾಕ್ ಇಲ್ಲದ ಹಾರ್ಡ್‌ವೇರ್ ರಿಜಿಸ್ಟರ್ ಮುಟ್ಟುತ್ತದೆ, ಕೆಲವು ಬೋರ್ಡ್ ಅಲ್ಲೇ ಹ್ಯಾಂಗ್. ಇಲ್ಲವೇ ಸತ್ತ ಟಾಸ್ಕ್‌ಲೆಟ್ ಮತ್ತೆ ಎದ್ದು ಕೂರುತ್ತದೆ. ಹಾಗಾಗಿ ಮೊದಲು ಚಾನೆಲ್ ನಿಲ್ಲಿಸಿ, ಆಮೇಲೆ ಇಂಟರಪ್ಟ್ ಬಿಟ್ಟು, ನಂತರ ಟಾಸ್ಕ್‌ಲೆಟ್, ಕೊನೆಗೆ ಕ್ಲಾಕ್. ಟರ್ಮಿನೇಟ್ ಕಾಲ್‌ಬ್ಯಾಕ್ ಇದ್ದು ಸಿಂಕ್ರೊನೈಸ್ ಇಲ್ಲದಿದ್ದರೂ ಇದೇ ಗೋಳು: ನಿಲ್ಲಿಸು ಅಂದದ್ದಷ್ಟೇ, ನಿಂತಿತಾ ಅಂತ ಯಾರೂ ಕಾಯಲಿಲ್ಲ.

ಇನ್ನೊಂದು, ಡಿಸ್ಕ್ರಿಪ್ಟರ್ (ಹಮಾಲನಿಗೆ ಕೊಡುವ ಚೀಟಿ) ತುಂಬಿ ಸ್ಟಾರ್ಟ್ ರಿಜಿಸ್ಟರ್‌ಗೆ ಬರೆಯುವ ಜಾಗ. ಅಲ್ಲಿ ರೈಟ್‌ಎಲ್_ರಿಲ್ಯಾಕ್ಸ್ಡ್ ಇದ್ದರೆ ನಿಲ್ಲಿ. ಎಆರ್‌ಎಂನಲ್ಲಿ ಚೀಟಿ ಪೂರ್ತಿ ಮೆಮೊರಿಗೆ ಇಳಿಯುವ ಮುಂಚೆಯೇ ಹಮಾಲ ಹೊರಟುಬಿಡಬಹುದು. ಸಾದಾ ರೈಟ್‌ಎಲ್‌ನಲ್ಲಿ ಬ್ಯಾರಿಯರ್ (ಮುಂಚಿನ ಬರಹ ಇಳಿಯುವವರೆಗಿನ ತಡೆ) ಇರುತ್ತದೆ. ಸ್ವಲ್ಪ ವೇಗ ಸಿಗುತ್ತೆ ಅಂತ ಸುಮ್ನೆ ರಿಲ್ಯಾಕ್ಸ್ಡ್ ಹಾಕುವವರೇ ಜಾಸ್ತಿ.

ಉಳಿದದ್ದು ಬೇಗ ಮುಗಿಯುತ್ತೆ. ಕೆಲಸ ತಯಾರು ಮಾಡುವ ಪ್ರಿಪ್ ಕಾಲ್‌ಬ್ಯಾಕ್‌ಗಳಲ್ಲಿ ಜಿಎಫ್‌ಪಿ_ನೋವೇಟ್ (ಕಾಯದೆ ಮೆಮೊರಿ ಕೇಳುವ ಫ್ಲ್ಯಾಗ್) ಇರಬೇಕು. ವಿಳಾಸದ ರಿಜಿಸ್ಟರ್ 32 ಬಿಟ್ ಇದ್ದು ಡಿಎಂಎ ಮಾಸ್ಕ್ (ಮುಟ್ಟಬಲ್ಲ ವಿಳಾಸದ ಮಿತಿ) 64 ಅಂತ ಹೇಳಿದ್ದರೆ, 4 ಜಿಬಿ ಮೇಲಿನ ಡೇಟಾ ಬೇರೆಯವರ ಮನೆಗೆ ಹೋಗುತ್ತದೆ. ಡಿಸ್ಕ್ರಿಪ್ಟರ್ ಲಿಸ್ಟನ್ನು ಕೈಯಾರೆ ನಿಭಾಯಿಸಿದ್ದರೆ, ಆ ಕೆಲಸಕ್ಕೆಂದೇ ಕರ್ನಲ್‌ನಲ್ಲೇ ಇರುವ ವರ್ಟ್-ಡಿಎಂಎ (virt-dma) ಯಾಕೆ ಬೇಡವಾಯಿತು ಅಂತ ಕೇಳಿ.

ಟೆಸ್ಟ್ ಪಾಸ್ ಅಂದಿರಲ್ವಾ? ಚಾನೆಲ್ ಬಳಕೆಯಲ್ಲಿದ್ದಾಗ ಡ್ರೈವರ್ ತೆಗೆಯುವ ಕಮಾಂಡ್ ಆರ್‌ಎಂಮಾಡ್ ಒಪ್ಪುವುದಿಲ್ಲ, ಅದಕ್ಕೇ ಈ ತಪ್ಪು ಕಾಣುವುದಿಲ್ಲ. ಆದರೆ ಸಿಸ್‌ಎಫ್‌ಎಸ್‌ನ (ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಕರ್ನಲ್ ಜಾಗ) ಅನ್‌ಬೈಂಡ್, ಅಂದರೆ ಸಾಧನದಿಂದ ಡ್ರೈವರ್ ಬಿಡಿಸುವುದು, ಯಾರನ್ನೂ ಕೇಳುವುದಿಲ್ಲ. ಕರ್ನಲ್‌ನ ಪರೀಕ್ಷಾ ಮಾಡ್ಯೂಲ್ ಡಿಎಂಎಟೆಸ್ಟ್ ಓಡುತ್ತಿರುವಾಗಲೇ ಅದನ್ನು ಹೊಡೆದು ನೋಡಲು ಜೊತೆಗಾರನಿಗೆ ಹೇಳಿ. ಸೀರಿಯಲ್ ಕನ್ಸೋಲ್ ತೆರೆದಿಟ್ಟುಕೊಂಡಿರಲಿ.