ಸಣ್ಣ ಊರಿನ ಸ್ಟಾಕ್ ಕಾರ್ ರೇಸರ್ ಮನೆ, ಕೆಲಸ, ರೇಸು ಮೂರನ್ನೂ ಹೇಗೆ ನಿಭಾಯಿಸುತ್ತಾನೆ?

ಅಮೆರಿಕದ ಸಣ್ಣ ಊರುಗಳಲ್ಲಿ ವಾರವೆಲ್ಲ ಕೆಲಸಕ್ಕೆ ಹೋಗಿ ಶನಿವಾರ ರಾತ್ರಿ ಸ್ಟಾಕ್ ಕಾರ್ (ಬೀದಿ ಕಾರಿನ ಮಾದರಿಯ ರೇಸ್ ಕಾರು) ಓಡಿಸುವವರ ಜೀವನ ಹೇಗಿರುತ್ತದೆ, ಹೆಂಡತಿ ಮಕ್ಕಳನ್ನು ಇಟ್ಟುಕೊಂಡು ಇದನ್ನು ಹೇಗೆ ನಡೆಸುತ್ತಾರೆ ಎಂದು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಸಂಸಾರಸ್ಥ ರೇಸರ್‌ಗೆ ಗೆಲುವು ಎರಡನೆಯದು, ಕಾರನ್ನು ಮುರಿಯದೆ ಮನೆಗೆ ತರುವುದು ಮೊದಲನೆಯದು. ಯಾವ ದರ್ಜೆಯಲ್ಲಿ ಓಡಬೇಕು, ಟೈರಿಗೆ ಎಷ್ಟು ಸುರಿಯಬೇಕು, ಯಾವ ಜಾಗದಲ್ಲಿ ಓವರ್‌ಟೇಕ್ ಮಾಡಬಾರದು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಈ ಓಟಗಳು ನಡೆಯುವುದು ಒಂದು ಮೈಲಿಗಿಂತ ಚಿಕ್ಕದಾದ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ. ಉತ್ತರ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿರುವ ಬೌಮನ್ ಗ್ರೇ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮೈದಾನದ ಸುತ್ತಲೇ ಕಾಲು ಮೈಲಿಯ ಟ್ರ್ಯಾಕ್ ಇದೆ. 1949ರಿಂದ ಅಲ್ಲಿ ರೇಸ್ ನಡೆಯುತ್ತಿದೆ. ಅಂಥ ಟ್ರ್ಯಾಕ್‌ನಲ್ಲಿ ಸುತ್ತಿಗೆ 17 ಸೆಕೆಂಡಿನಂತೆ ಹಿಡಿದರೆ 25 ಸುತ್ತಿನ ಓಟ ಏಳು ನಿಮಿಷದಲ್ಲಿ ಮುಗಿಯುತ್ತದೆ. ಅಪಘಾತವಾಗಿ ಹಳದಿ ಬಾವುಟ ಬಿದ್ದರೆ ಇನ್ನಷ್ಟು ಹೊತ್ತು. ಆ ಏಳು ನಿಮಿಷಕ್ಕೆ ಮನೆಮಂದಿಯೆಲ್ಲ ವಾರಪೂರ್ತಿ ದುಡಿಯುತ್ತಾರೆ. ಕಂಬಳದ ಕೋಣ ಸಾಕುವ ಮನೆಗಳನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬದುಕಿಗೆ ಒಳ್ಳೆಯ ಉದಾಹರಣೆ ಎಂದರೆ ಉತ್ತರ ಕ್ಯಾರೊಲಿನಾದ ಕನ್ನಾಪೊಲಿಸ್ ಊರಿನ ರಾಲ್ಫ್ ಅರ್ನ್‌ಹಾರ್ಟ್. ಅದು ಆಗ ಬಟ್ಟೆ ಗಿರಣಿಯ ಊರು, ಅವರೂ ಗಿರಣಿ ಕೆಲಸಗಾರರೇ. ಆಮೇಲೆ ಆ ಕೆಲಸ ಬಿಟ್ಟು ಸುತ್ತಮುತ್ತಲಿನ ಸಣ್ಣ ಟ್ರ್ಯಾಕ್‌ಗಳ ಬಹುಮಾನದ ಹಣದಲ್ಲೇ ಹೆಂಡತಿ ಮಾರ್ಥಾ ಮತ್ತು ಐವರು ಮಕ್ಕಳ ಸಂಸಾರ ನಡೆಸಿದರು. ಮನೆಯ ಹಿಂದಿನ ಗ್ಯಾರೇಜೇ ಕಾರ್ಖಾನೆ. 1956ರಲ್ಲಿ, ಅಮೆರಿಕದ ಸ್ಟಾಕ್ ಕಾರ್ ರೇಸಿನ ದೊಡ್ಡ ಸಂಸ್ಥೆಯಾದ ನ್ಯಾಸ್ಕಾರ್‌ನ ಸ್ಪೋರ್ಟ್ಸ್‌ಮನ್ ವಿಭಾಗದಲ್ಲಿ ಚಾಂಪಿಯನ್ ಆದರು. ಶುರುವಿನ ಸುತ್ತುಗಳಲ್ಲಿ ಕಾರನ್ನೂ ಟೈರನ್ನೂ ಉಳಿಸಿಕೊಂಡು ಕೊನೆಯಲ್ಲಿ ಮುಂದೆ ನುಗ್ಗುವುದಕ್ಕೆ ಅವರು ಹೆಸರಾಗಿದ್ದರು. ಅದು ಬರೀ ಜಾಣತನವಲ್ಲ; ಇಂದು ಕಾರು ಗೋಡೆಗೆ ಹೊಡೆದರೆ ಮುಂದಿನ ವಾರದ ದಿನಸಿಗೆ ಕುತ್ತು. 1973ರಲ್ಲಿ, 45ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಆ ಗ್ಯಾರೇಜಿನಲ್ಲಿ ಅಪ್ಪನ ಕೆಲಸ ನೋಡುತ್ತ ಬೆಳೆದ ಮಗ ಡೇಲ್ ಮುಂದೆ ಏಳು ಬಾರಿ ನ್ಯಾಸ್ಕಾರ್ ಕಪ್ ಚಾಂಪಿಯನ್ ಆದರು.

ಇಂದು ಸಣ್ಣ ಟ್ರ್ಯಾಕ್‌ಗಳಲ್ಲಿ ರೇಸಿನಿಂದಲೇ ಹೊಟ್ಟೆ ಹೊರೆಯುವವರು ತೀರಾ ಕಡಿಮೆ. ಕೆಳ ದರ್ಜೆಗಳಲ್ಲಿ ಗೆದ್ದರೂ ಆ ರಾತ್ರಿಯ ಟೈರು, ಇಂಧನದ ಖರ್ಚು ಹುಟ್ಟಿದರೆ ದೊಡ್ಡದು. ಹಾಗಾಗಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಾಳೆಯೇ ಕಾರು ಗೋಡೆಗೆ ಬಡಿದು ಗುಜರಿಯಾದರೂ ಮನೆ ಬಾಡಿಗೆ, ಮಕ್ಕಳ ಖರ್ಚು ಅಲುಗಬಾರದು. ಅಷ್ಟು ಹಣದಲ್ಲಿ ಯಾವ ದರ್ಜೆ ಸಿಗುತ್ತದೋ ಅದೇ ನಿಮ್ಮ ದರ್ಜೆ. ಹೊಸಬರು ಸಾಮಾನ್ಯವಾಗಿ ಹಳೆಯ ಬೀದಿ ಕಾರುಗಳನ್ನೇ ಮಾರ್ಪಡಿಸಿ ಓಡಿಸುವ ಸ್ಟ್ರೀಟ್ ಸ್ಟಾಕ್‌ನಿಂದ ಶುರುಮಾಡುತ್ತಾರೆ. 1978ರಿಂದ 1988ರವರೆಗೆ ಬಂದ ಮಾಂಟೆ ಕಾರ್ಲೊ, ಕಟ್‌ಲಸ್, ರೀಗಲ್ ಕಾರುಗಳ ಜಿಎಂ (ಜನರಲ್ ಮೋಟಾರ್ಸ್) ಮೆಟ್ರಿಕ್ ಚಾಸಿ, ಮುಂದಿನ ಹಿಂದಿನ ಚಕ್ರಗಳ ನಡುವೆ 108 ಇಂಚು ಇರುವಂಥದ್ದು, ಅದಕ್ಕೆ ಬಲು ಜನಪ್ರಿಯ. ಎಂಜಿನ್ ವಿಷಯದಲ್ಲಿ 602 ಕ್ರೇಟ್ ಮೋಟಾರಿಗೆ (ಕಂಪನಿಯೇ ಪೂರ್ತಿ ಜೋಡಿಸಿ ಪೆಟ್ಟಿಗೆಯಲ್ಲಿ ಮಾರುವ ಎಂಜಿನ್) ಅವಕಾಶವಿರುವ ದರ್ಜೆ ಸಿಕ್ಕರೆ ಬಿಡಬೇಡಿ. ಅದು 350 ಘನ ಇಂಚಿನ, ಸುಮಾರು 350 ಅಶ್ವಶಕ್ತಿಯ ಷೆವರ್ಲೆ ಎಂಜಿನ್. ಕಂಪನಿಯಿಂದಲೇ ಸೀಲ್ ಬೋಲ್ಟ್ ಹಾಕಿ ಬರುತ್ತದೆ. ಒಳಗೆ ಕೈ ಹಾಕಿದರೆ ಸೀಲ್ ಒಡೆದದ್ದು ತಪಾಸಣೆಯಲ್ಲಿ ಕಾಣುತ್ತದೆ. ದುಡ್ಡಿದ್ದವನು ಎಂಜಿನ್ನಿಗೆ ಸುರಿದು ಗೆಲ್ಲುವ ದಾರಿ ಅಲ್ಲಿಗೆ ಬಹುಪಾಲು ಮುಚ್ಚುತ್ತದೆ. ಇನ್ನೊಂದು ಮಾತು: ಮೊದಲ ಕಾರನ್ನು ನೀವೇ ಕಟ್ಟಲು ಹೋಗಬೇಡಿ. ಅದೇ ಟ್ರ್ಯಾಕ್‌ನಲ್ಲಿ, ಅದೇ ನಿಯಮದಡಿ ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಿ. ಬಿಡಿಭಾಗ, ಸ್ಪ್ರಿಂಗ್, ಹಿಂದಿನ ಮಾಲೀಕ ಬರೆದಿಟ್ಟ ಸೆಟಪ್ ಪುಸ್ತಕ ಎಲ್ಲ ಒಟ್ಟಿಗೆ ಸಿಗುತ್ತವೆ.

ವಾರದ ಕೆಲಸ ಭಾನುವಾರ ಕಾರು ತೊಳೆಯುವುದರಿಂದ ಶುರು. ತೊಳೆದ ಕಾರಿನಲ್ಲೇ ಬಿರುಕು ಕಾಣುವುದು. ಮುಖ್ಯ ಬೋಲ್ಟುಗಳನ್ನು ಬಿಗಿದ ಮೇಲೆ ಪೇಂಟ್ ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ, ಗೆರೆ ಕದಲಿದ ಬೋಲ್ಟು ಸಡಿಲವಾಗಿದೆ ಎಂದು ಟಾರ್ಚ್ ಬೆಳಕಿನಲ್ಲೇ ಗೊತ್ತಾಗುತ್ತದೆ. ಈ ಕೆಲಸವನ್ನು ಹತ್ತು ವರ್ಷದ ಮಗುವೂ ಮಾಡಬಲ್ಲದು. ಸದಾ ಎಡಕ್ಕೇ ತಿರುಗುವ ಓಟವಾದ್ದರಿಂದ ಹೆಚ್ಚು ಪೆಟ್ಟು ತಿನ್ನುವುದು ಮುಂದಿನ ಬಲ ಚಕ್ರ. ಅದರ ಬೇರಿಂಗ್, ಬಾಲ್ ಜಾಯಿಂಟ್, ಹಬ್ ಪ್ರತಿ ವಾರ ನೋಡಲೇಬೇಕು. ಎರಡು ಮೂರು ರೇಸಿಗೊಮ್ಮೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಿ. ಲೋಹದ ಚೂರು ಮಿನುಗಿದರೆ ಎಂಜಿನ್ ಕೈಕೊಡುವ ಮೊದಲೇ ಕೆಳಗಿಳಿಸಬಹುದು. 602ರಲ್ಲಿರುವುದು ಫ್ಲಾಟ್ ಟ್ಯಾಪೆಟ್ ಕ್ಯಾಮ್, ಅಂದರೆ ವಾಲ್ವ್ ಎತ್ತುವ ಭಾಗಗಳು ಉರುಳದೆ ಒಂದಕ್ಕೊಂದು ಉಜ್ಜುವಂಥದ್ದು, ಹಾಗಾಗಿ ಸತುವಿನ ಅಂಶ ಹೆಚ್ಚಿರುವ ರೇಸಿಂಗ್ ಆಯಿಲೇ ಬೇಕು. ಬೀದಿ ಕಾರಿನ ಆಯಿಲ್ ಹಾಕಿದರೆ ಕ್ಯಾಮ್ ಸವೆಯುತ್ತದೆ. ಹಿಂದಿನ ರಾತ್ರಿ ಯಾರಾದರೂ ತಾಗಿದ್ದರೆ, ಎಷ್ಟೇ ಮೆಲ್ಲಗೆ ತಾಗಿರಲಿ, ದಾರ ಕಟ್ಟಿ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿ ನಿಂತಿವೆ ಎಂಬುದನ್ನು, ಅಳೆಯಿರಿ. ಮುಂದಿನ ಚಕ್ರಗಳು ಎಂಟನೇ ಒಂದು ಇಂಚಿನಷ್ಟು ಹೊರಕ್ಕೆ ತೆರೆದಿರುವುದು ಸಾಮಾನ್ಯ.

ಕಾರು ವೇಗವಾಗುವುದು ಮುಖ್ಯವಾಗಿ ತೂಕದ ಸ್ಕೇಲಿನ ಮೇಲೆ. ನಾಲ್ಕೂ ಚಕ್ರಗಳ ಕೆಳಗೆ ಒಂದೊಂದು ಸ್ಕೇಲ್ ಇಟ್ಟು ತೂಗುತ್ತಾರೆ. ಡ್ರೈವರ್ ಸೀಟಿನಲ್ಲಿ ಕೂತಿರಬೇಕು ಇಲ್ಲವೇ ಅಷ್ಟೇ ಭಾರ ಇಟ್ಟಿರಬೇಕು, ಟೈರಿನಲ್ಲಿ ರೇಸಿನ ಗಾಳಿ ಇರಬೇಕು, ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಕಳಚಿರಬೇಕು, ನೆಲ ಸಮವಿರಬೇಕು. ಒಂದು ಚಕ್ರದ ಕೆಳಗೆ ಕಾಲು ಇಂಚು ತಗ್ಗಿದ್ದರೂ ಬರುವ ಲೆಕ್ಕವೆಲ್ಲ ಸುಳ್ಳು. ಉದಾಹರಣೆಗೆ 3000 ಪೌಂಡಿನ ಕಾರಿನಲ್ಲಿ ಮುಂದಿನ ಎಡ 830, ಮುಂದಿನ ಬಲ 710, ಹಿಂದಿನ ಎಡ 820, ಹಿಂದಿನ ಬಲ 640 ಬಂತೆನ್ನಿ. ಎಡಬದಿ 1650, ಅಂದರೆ ಶೇ. 55. ಮುಂದಿನ ಬಲವನ್ನೂ ಹಿಂದಿನ ಎಡವನ್ನೂ ಕೂಡಿದರೆ 1530, ಅಂದರೆ ಶೇ. 51. ಇದೇ ಕ್ರಾಸ್ ವೇಯ್ಟ್. ಹಿಂದಿನ ಎಡ ಸ್ಪ್ರಿಂಗಿನ ಜ್ಯಾಕ್ ಬೋಲ್ಟನ್ನು (ಸ್ಪ್ರಿಂಗನ್ನು ಒತ್ತುವ ತಿರುಪು) ಬಿಗಿದರೆ ಇದು ಏರಿ ಕಾರು ಟೈಟ್ ಆಗುತ್ತದೆ, ಅಂದರೆ ತಿರುವಿನಲ್ಲಿ ಮೂತಿ ಒಳಕ್ಕೆ ಬಾರದೆ ಗೋಡೆಯತ್ತ ತಳ್ಳುತ್ತದೆ. ಸಡಿಲಿಸಿದರೆ ಲೂಸ್, ಹಿಂಬದಿ ಜಾರಿ ಹೊರಬರುತ್ತದೆ. ಹೊಸಬರು ತುಸು ಟೈಟ್ ಕಡೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಲೂಸ್ ಕಾರು ವೇಗವಾಗಿರಬಹುದು, ಆದರೆ ಕೈ ಪಳಗದವನನ್ನು ತಿರುಗಿಸಿ ಎಸೆಯುತ್ತದೆ.

ಟೈರಿನ ಸ್ಟ್ಯಾಗರ್, ಅಂದರೆ ಎಡ ಬಲ ಟೈರುಗಳ ಸುತ್ತಳತೆಯ ವ್ಯತ್ಯಾಸ, ಇಷ್ಟೇ ಮುಖ್ಯ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಆಕ್ಸಲ್‌ಗೆ ಲಾಕ್ ಮಾಡಿರುತ್ತಾರೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಾದ್ದರಿಂದ ಹಿಂದಿನ ಬಲ ಟೈರಿನ ಸುತ್ತಳತೆ ಹೆಚ್ಚಿರಬೇಕು. ಲೆಕ್ಕ ಸುಲಭ: ಚಕ್ರಗಳ ನಡುವಿನ ಅಗಲ 60 ಇಂಚು, ತಿರುವಿನ ತ್ರಿಜ್ಯ 150 ಅಡಿ ಅಂದರೆ 1800 ಇಂಚು. 60ನ್ನು 1800ರಿಂದ ಭಾಗಿಸಿ 86 ಇಂಚಿನ ಸುತ್ತಳತೆಯಿಂದ ಗುಣಿಸಿದರೆ ಸುಮಾರು 2.9 ಇಂಚು. ಇದು ಶುರುಮಾಡುವ ಅಂಕಿ. ಹೆಚ್ಚಾದರೆ ಲೂಸ್, ಕಡಿಮೆಯಾದರೆ ಟೈಟ್. ಬಲಬದಿಯ ಟೈರು ಹೆಚ್ಚು ಬಿಸಿಯಾಗಿ ಹಿಗ್ಗುವುದರಿಂದ ಶೆಡ್ಡಿನಲ್ಲಿ ಅಳೆದದ್ದು ಓಟ ಮುಗಿಯುವಾಗ ಅಷ್ಟೇ ಇರುವುದಿಲ್ಲ. ಅಭ್ಯಾಸ ಮುಗಿಸಿ ಒಳಬಂದ ಕೂಡಲೇ ಟೇಪ್ ಹಿಡಿಯಬೇಕು, ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರರ ಉಷ್ಣವನ್ನೂ ಬರೆಯಬೇಕು. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿ, ಅಂಚುಗಳೆರಡೂ ಬಿಸಿಯಿದ್ದರೆ ಗಾಳಿ ಕಡಿಮೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದು ಫಲ ಕೊಟ್ಟಿತೆಂದು ಗೊತ್ತಾಗದೆ ಆ ರಾತ್ರಿಯೇ ವ್ಯರ್ಥ.

ಈ ಅಂಕಿಗಳನ್ನು ಬರೆಯುವವರು, ಸ್ಟಾಪ್‌ವಾಚ್ ಹಿಡಿಯುವವರು, ರೇಡಿಯೋದಲ್ಲಿ ಪಕ್ಕದ ಕಾರು ಎಲ್ಲಿದೆ ಎಂದು ಹೇಳುವವರು ಹೆಚ್ಚಾಗಿ ಮನೆಯವರೇ. ರೇಸು ಸಂಸಾರದ ಸಮಯ ತಿನ್ನುತ್ತದೆ ಎನ್ನುವುದು ನಿಜ. ಆದರೆ ಮನೆಯವರಿಗೆ ಖಚಿತವಾದ ಕೆಲಸ ಕೊಟ್ಟ ಕಡೆ ಅದೇ ಅವರು ಒಟ್ಟಿಗಿರುವ ಸಮಯವೂ ಆಗುತ್ತದೆ. ಅವರನ್ನು ಬರೀ ಗ್ಯಾಲರಿಯಲ್ಲಿ ಕೂರಿಸಿದರೆ ಆಸಕ್ತಿ ಹೆಚ್ಚು ದಿನ ಉಳಿಯುವುದಿಲ್ಲ.

ಉಳಿತಾಯ ಮಾಡಬಾರದ ಜಾಗ ಒಂದೇ, ಸುರಕ್ಷತೆ. ಡೇಲ್ ಅರ್ನ್‌ಹಾರ್ಟ್ 2001ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ತಲೆಬುರುಡೆಯ ಬುಡ ಮುರಿದು ಸತ್ತ ಬಳಿಕ, ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಸ್ಕಾರ್ ತನ್ನ ದೊಡ್ಡ ಸರಣಿಗಳಲ್ಲಿ ತಲೆ-ಕುತ್ತಿಗೆ ರಕ್ಷಣೆಯ ಸಾಧನವನ್ನು ಕಡ್ಡಾಯ ಮಾಡಿತು. ನಿಮ್ಮ ಟ್ರ್ಯಾಕ್ ಕೇಳಲಿ ಬಿಡಲಿ, ಅದನ್ನು ಹಾಕಿಕೊಳ್ಳಿ. ರೇಸಿನ ಸುರಕ್ಷತಾ ಸಾಮಗ್ರಿಗೆ ಮಾನದಂಡ ಹಾಕುವ ಎಸ್‌ಎಫ್‌ಐ ಸಂಸ್ಥೆಯ 3.2ಎ/1 ದರ್ಜೆಯ ಫೈರ್ ಸೂಟ್ ಎರಡನೇ ದರ್ಜೆಯ ಸುಟ್ಟಗಾಯವನ್ನು ತಡೆಯುವುದು ಸುಮಾರು 3 ಸೆಕೆಂಡು, 3.2ಎ/5 ಸುಮಾರು 10 ಸೆಕೆಂಡು. ಬೆಲ್ಟ್ ಬಿಚ್ಚಿ ಕಿಟಕಿಯ ಬಲೆ ಇಳಿಸಿ ಹೊರಬರಲು 3 ಸೆಕೆಂಡು ಸಾಲದು. ಮನೆಯ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಪಾಲಿಸಿಗಳಲ್ಲಿ ರೇಸಿಂಗನ್ನು ಹೊರಗಿಟ್ಟಿದ್ದಾರೆಯೇ ಎಂದು ಮೊದಲ ರೇಸಿಗೆ ಮುಂಚೆಯೇ ಗಂಡ ಹೆಂಡತಿ ಇಬ್ಬರೂ ಕೂತು ಓದಿ. ಟ್ರ್ಯಾಕ್ ಕೊಡುವ ವಿಮೆಗೆ ಮಿತಿಯಿರುತ್ತದೆ. ಸೀಟ್ ಬೆಲ್ಟ್‌ನ ಎಸ್‌ಎಫ್‌ಐ ಮಾನ್ಯತೆ ಎರಡು ವರ್ಷ ಮಾತ್ರ, ಅದೂ ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಅಂಗಡಿಯಲ್ಲೇ ಲೇಬಲ್ ತಿರುಗಿಸಿ ದಿನಾಂಕ ನೋಡಿ ತನ್ನಿ.